ಹೆಸರು ಬರೆಯದ ಚೀಟಿಗಳು

ಹದಿಹರೆಯದ ಮಕ್ಕಳ ಜೊತೆ ಮಾತಾಡುವ ಕೆಲಸ ಹಿಡಿದವರಿಗೆ ನಗುವಿಗೆ ಬರ ಬರುವುದಿಲ್ಲ. ಮಕ್ಕಳು ಸುಮ್ಮನಿದ್ದರೂ ಅವರ ತಂದೆತಾಯಂದಿರು ಬಿಡುವುದಿಲ್ಲ.

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನಾನು ಆಪ್ತಸಮಾಲೋಚಕಿ. ವಾರಕ್ಕೆರಡು ದಿನ ಕಮಲಾಪುರದ ಕಡೆಯ ಶಾಲೆಗಳಿಗೂ ಹೋಗುತ್ತೇನೆ. ಮೈಯಲ್ಲಾಗುವ ಬದಲಾವಣೆ, ಆಕರ್ಷಣೆ, ಲೈಂಗಿಕತೆ, ಬೇಡ ಅನ್ನುವ ಹಕ್ಕು, ಮೊಬೈಲಿನ ಫೋಟೋಗಳು, ಎಲ್ಲವನ್ನೂ ತಲೆ ತಗ್ಗಿಸದೆ ಹೇಳಬಲ್ಲೆ. ಆ ಬಗ್ಗೆ ನನಗೆ ಜಂಬವಿದೆ, ಮುಚ್ಚಿಡುವುದಿಲ್ಲ. ನನ್ನ ಆಸ್ತಿಯೆಂದರೆ ಮುಚ್ಚಳದಲ್ಲಿ ಸೀಳು ಕೊರೆದ ಒಂದು ಖಾಲಿ ಎಣ್ಣೆ ಡಬ್ಬಿ. ಕೇಳಲು ನಾಚಿಕೆಯಾದದ್ದನ್ನು ಹೆಸರು ಬರೆಯದೆ ಚೀಟಿಯಲ್ಲಿ ಬರೆದು ಅದರೊಳಗೆ ಹಾಕಬೇಕು, ಅಷ್ಟೆ.

೧. ಕಮಲಾಪುರದ ಸಭೆ

ಶಾಲೆಯಲ್ಲಿ ಪಾಲಕರ ಸಭೆ. ಶಾಲಾ ಸಮಿತಿಯ ಅಧ್ಯಕ್ಷರು ಎದ್ದು ನಿಂತು ಗುಡುಗಿದರು.

"ಮೇಡಮ್ಮಾರ, ಇವೆಲ್ಲ ನಮಗ ಯಾರ ಹೇಳಿದ್ರು? ನಾವು ದೊಡ್ಡವರಾಗಲಿಲ್ಲೇನು? ಈ ಕ್ಲಾಸ್ ಬಂದ್ ಮಾಡ್ರಿ."

"ಈಗ ಮೊಬೈಲ್ ಹೇಳ್ತದ್ರೀ. ಅದು ತಪ್ಪು ಹೇಳೋಕಿಂತ ನಾವೇ ಸರಿ ಹೇಳೋದು ಚಲೋ."

"ಹಂಗಾರ ನಿಮಗೂ ಮಗ ಅದಾನಲ್ಲ, ಅವಗ ಹೇಳೀರೇನು?"

"ಹೇಳೀನ್ರೀ," ಅಂದೆ. ಶುದ್ಧ ಸುಳ್ಳು. ನನ್ನ ಮಗ ಒಂಬತ್ತನೆಯ ತರಗತಿ, ಮೀಸೆ ಚಿಗುರುತ್ತಿದೆ. ಊರಿಗೆಲ್ಲ ಹೇಳುವ ಬಾಯಿ ಅವನೆದುರು ಮಾತ್ರ ಬೀಗ ಹಾಕಿಕೊಳ್ಳುತ್ತಿತ್ತು.

ಸಭೆ ಮುಗಿದ ಮೇಲೆ ಡಬ್ಬಿ ತೆರೆದೆ. ಅವತ್ತು ಪಾಲಕರೂ ಚೀಟಿ ಹಾಕಿದ್ದರು. ಒಂದರಲ್ಲಿ ಹೀಗಿತ್ತು: "ಒಬ್ಬ ಹುಡುಗ ಮಗಳಿಗೆ ಫೋಟೋ ಕಳಸು ಅಂತ ಮೆಸೇಜ್ ಹಾಕ್ಯಾನ. ಬಡೀಬೇಕೋ, ಕೇಳಬೇಕೋ? ಇದು ನಮ್ಮ ಮನಿದಲ್ಲ, ಮಗ್ಗಲ ಮನಿಯವರದು."

ಕೆಳಗೆ ದುಂಡನೆಯ ಸಹಿ, ಅದರ ಮೇಲೆ ನೇರಳೆ ಬಣ್ಣದ ಮೊಹರು: ಅಧ್ಯಕ್ಷರು, ಶಾಲಾ ಸಮಿತಿ. ಕೈಗೆ ಸಿಕ್ಕ ಕಾಗದಕ್ಕೆಲ್ಲ ಮೊಹರು ಒತ್ತಿ ಒತ್ತಿ ಅವರಿಗೆ ರೂಢಿಯಾಗಿತ್ತು.

ನಾನು ಅವರನ್ನು ಪಕ್ಕಕ್ಕೆ ಕರೆದೆ. "ಮಗ್ಗಲ ಮನಿಯವರಿಗೆ ಹೇಳ್ರಿ, ಬಡಿಯೋದು ಬ್ಯಾಡ. ಫೋನ್ ಕಸಗೊಂಡ್ರ ಮುಂದಿಂದು ಗೊತ್ತೇ ಆಗಂಗಿಲ್ಲ. 'ತಪ್ಪು ನಿಂದಲ್ಲ, ನಾ ನಿನ್ನ ಕಡೆ ಇದೀನಿ' ಅಂತ ಮೊದಲು ಹೇಳ್ರಿ."

ಮುಂದಿನ ವಾರ ಹೋದಾಗ ಅಧ್ಯಕ್ಷರೇ ಕುರ್ಚಿ ಹಾಕಿಸಿದರು. ಮಗಳು ಎಲ್ಲ ಹೇಳಿ, ಆ ಹುಡುಗನ ನಂಬರನ್ನು ಅಪ್ಪನ ಎದುರೇ ಬ್ಲಾಕ್ ಮಾಡಿದ್ದಳಂತೆ. "ಮಗ್ಗಲ ಮನಿಯವರು ಭಾಳ ಖುಷ್ ಆಗ್ಯಾರ್ರೀ," ಅಂದು ಕಣ್ಣೊರೆಸಿಕೊಂಡರು.

೨. ಮೋಮಿನಪುರದ ತಾಯಿ

ಮೋಮಿನಪುರದಿಂದ ಒಬ್ಬ ತಾಯಿ ಹದಿನೈದರ ಮಗಳನ್ನು ಆಸ್ಪತ್ರೆಗೆ ಕರೆತಂದಳು. "ಮುಟ್ಟಿನ ಬಗ್ಗೆ ಅದೂ ಇದೂ ಕೇಳ್ತಾಳ್ರೀ. ನೀವೇ ಹೇಳ್ರಿ, ನನಗ ಶರಮ್ ಆಗ್ತದ," ಎಂದು ತಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡಳು.

ನಾನು ಹೇಳಲು ಶುರುಮಾಡಿದೆ. ಕುರ್ಚಿ ಬಾಗಿಲಿಗೆ ಬಂತು. ಸ್ವಲ್ಪ ಹೊತ್ತಿಗೆ ಹೊಸ್ತಿಲು ದಾಟಿತು. ಆಮೇಲೆ ತಾಯಿಯದೇ ಪ್ರಶ್ನೆಗಳು, ಒಂದರ ಹಿಂದೊಂದು. ಮಗಳಿಗೆ ಬಾಯಿ ತೆರೆಯಲು ಎಡೆಯೇ ಇಲ್ಲ.

ಕೊನೆಗೆ ಹುಡುಗಿ ರೇಗಿದಳು. "ಅಮ್ಮೀ, ದವಾಖಾನಿ ಚೀಟಿ ಮಾಡಿಸಿದ್ದು ನನ್ನ ಹೆಸರಿಲೆ. ನಿನಗ ಕೇಳೋದಿದ್ರ ಬ್ಯಾರೆ ಚೀಟಿ ಮಾಡಿಸ್ಕೊಂಡು ಬಾ!"

ಆ ಪುಣ್ಯಾತ್ಗಿತ್ತಿ ನಿಜಕ್ಕೂ ಎದ್ದುಹೋಗಿ, ಪಾಳಿಯಲ್ಲಿ ನಿಂತು, ತನ್ನ ಹೆಸರಿನ ಚೀಟಿ ಹಿಡಿದುಕೊಂಡು ಬಂದಳು. ಹೊರಡುವಾಗ ನನಗೆಷ್ಟು ಮಕ್ಕಳೆಂದು ಕೇಳಿ ತಿಳಿದು, ನನ್ನ ಕೈ ಹಿಡಿದು, "ನಿಮ್ಮ ಮಗ ನಸೀಬವಾನ ಅದಾನ್ರೀ, ಮನ್ಯಾಗೇ ನಿಮ್ಮಂಥಾಕಿ ಅದಾಳ," ಅಂದಳು.

ನಾನು ತಲೆಯಾಡಿಸಿದೆ. ಸುಳ್ಳು ಎರಡಾದವು.

೩. ಕೋಟನೂರು, ನಮ್ಮ ಮನೆ

ಅವತ್ತೇ ಮನೆಗೆ ಬಂದು ಯಜಮಾನರಿಗೆ ಗಂಟುಬಿದ್ದೆ. ಅವರು ಕಾಲೇಜಿನ ಮೇಷ್ಟ್ರು, ಮೈಕು ಕೊಟ್ಟರೆ ಬಿಡುವವರಲ್ಲ. "ಗಂಡು ಹುಡುಗ, ನೀವೇ ಹೇಳ್ರಿ," ಅಂದೆ.

"ಅದೇನ ದೊಡ್ಡ ಮಾತು," ಎಂದು ಮಗನನ್ನು ಪೇಟೆಗೆ, ಜಗತ್ ಸರ್ಕಲ್ಲಿಗೆ ಕರೆದೊಯ್ದರು. ಬರುವಾಗ ಮಗನ ಕಾಲಲ್ಲಿ ಹೊಸ ಬೂಟು.

"ಹೇಳಿದ್ರೇನು?"

"ಟ್ರಾಫಿಕ್ ಭಾಳ ಇತ್ತು."

ಮುಂದಿನ ವಾರ ಮತ್ತೆ ಹೋದರು, ಬ್ಯಾಟು ಬಂತು. ಮೂರನೆಯ ಸಲ ಸ್ವೆಟರು. ಕಲಬುರಗಿಯಲ್ಲಿ, ಮಾರ್ಚ್ ತಿಂಗಳ ಬಿಸಿಲಲ್ಲಿ.

ಕಮಲಾಪುರದಿಂದ ತಂದ ಡಬ್ಬಿ ರಾತ್ರಿಯೆಲ್ಲ ಅಡುಗೆಮನೆಯಲ್ಲೇ ಇತ್ತು; ಮಾರನೆಯ ದಿನ ಅದರ ಚೀಟಿಗಳನ್ನು ಓದುತ್ತಿದ್ದೆ. ಒಂದರ ಅಕ್ಷರ ಚೆನ್ನಾಗಿ ಪರಿಚಯದ್ದು. "ಅಪ್ಪ ಏನೋ ಹೇಳಬೇಕಂತ ಮೂರು ಸಲ ಜಗತ್‌ಗೆ ಕರ್ಕೊಂಡು ಹೋಗ್ಯಾರ. ಬೂಟು, ಬ್ಯಾಟು, ಸ್ವೆಟರು ಬಂದಾವ. ವಿಷಯ ಬಂದಿಲ್ಲ. ಅವ್ವ ಊರ ಮಕ್ಕಳಿಗೆಲ್ಲ ಹೇಳ್ತಾಳ. ನಮ್ಮ ಮನಿಗಿ ಯಾವ ವಾರ ಬರ್ತಾಳ?"

ನಗು ಬಂತು, ಅದರ ಹಿಂದೆಯೇ ನಾಚಿಕೆಯೂ. ಒಲೆ ಆರಿಸಿ ಮಗನನ್ನು ಕರೆದು ಎದುರು ಕೂರಿಸಿಕೊಂಡೆ. ಮೊದಲು ನನ್ನ ದನಿಯೇ ನಡುಗಿತು, ಅವನದು ಹೇಗೂ ಒಡೆದಿತ್ತು. ಆಮೇಲೆ ಮಾತು ಹರಿಯಿತು. ಮೈಯ ಬದಲಾವಣೆಯಿಂದ ಹಿಡಿದು ಗೆಳೆಯರು ಮೊಬೈಲಿನಲ್ಲಿ ತೋರಿಸುವ ಸುಳ್ಳುಗಳವರೆಗೆ ಎಲ್ಲ ಕೇಳಿದ. ಕೊನೆಗೆ ತಾನೇ ಅಂದ: "ಒಬ್ಬಾಕಿ ಬ್ಯಾಡ ಅಂದ್ರ ಬ್ಯಾಡೇ. ಮತ್ತ ಮತ್ತ ಕೇಳಬಾರ್ದು. ಹೌದಿಲ್ಲೋ ಅವ್ವ?"

ಹೌದಪ್ಪಾ ಅಂದೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಗಳಿಗೆಯಷ್ಟು ಹೆಮ್ಮೆ ನನಗೆ ಎಂದೂ ಆಗಿರಲಿಲ್ಲ.

ಎದ್ದು ಹೊರಟವನು ಬಾಗಿಲಲ್ಲಿ ನಿಂತ. "ಅವ್ವ, ನೀ ಹೇಳಿದ್ದು ಅಪ್ಪಗ ಗೊತ್ತಾಗೋದು ಬ್ಯಾಡ."

"ಯಾಕೋ?"

"ಪಾಪ, ಅವರು ಇನ್ನೊಂದು ಸಲ ಹೇಳಾಕ ನೋಡ್ಲಿ. ಈ ಸಲ ನಾನೇ ಸೈಕಲ್ ಅಂಗಡಿ ಕಡೆ ಕರ್ಕೊಂಡು ಹೋಗ್ತೀನಿ."