ಡೈನೋಸಾರ್ ಆಟಕ್ಕೆ ಮಾವ ಹೇಳಿದ ಗುಣದೋಷ

ಹಾವೇರಿ ಜಿಲ್ಲೆಯಲ್ಲಿ ನಮ್ಮ ಮಾವನಷ್ಟು ಡೈನೋಸಾರ್ ಕೊಂದವರು ಇನ್ನೊಬ್ಬರಿಲ್ಲ. ಬೇಕಾದರೆ ಪಂದ್ಯ ಕಟ್ಟುತ್ತೇನೆ! ಇಷ್ಟಕ್ಕೇ ಅವನನ್ನು ಮಹಾ ಸಾಹಸಿ ಎಂದುಕೊಳ್ಳಬೇಡಿ. ಬಚ್ಚಲಲ್ಲಿ ಹಲ್ಲಿ ಕಂಡರೆ ನನ್ನನ್ನೇ ಕೂಗಿ ಕರೆಯುತ್ತಾನೆ.

ಅವನು ನನ್ನ ಅವ್ವನ ತಮ್ಮ. ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ವ್ಯಾಪಾರ. ವಯಸ್ಸು ಮೂವತ್ತೆಂಟು, ಮದುವೆ ಇಲ್ಲ. ನನಗೆ ಎಲ್ಲವನ್ನೂ ತಾರೀಖು ಹಾಕಿ ದಿನಚರಿಯಲ್ಲಿ ಬರೆದಿಡುವ ಚಟ. ನನ್ನ ಲೆಕ್ಕದ ಪ್ರಕಾರ ಅವನು ನೋಡಿ ಬಂದ ಹೆಣ್ಣುಗಳು ಹನ್ನೊಂದು. ‘ಆಮೇಲೆ ತಿಳಿಸುತ್ತೇವೆ’ ಎಂದ ಮನೆಗಳು ಹನ್ನೊಂದು. ತಿಳಿಸಿದವರು ಸೊನ್ನೆ.

ಇದಕ್ಕೆಲ್ಲ ಮೆಣಸಿನಕಾಯಿಯೇ ಕಾರಣ ಎಂದರೆ ನಂಬುತ್ತೀರಾ? ಮಾವ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಕಾಯಿ ತೆಗೆಯುತ್ತಾನೆ. ಬಣ್ಣ, ಸುಕ್ಕು, ತೇವ ನೋಡುತ್ತಾನೆ. ಮೊದಲು ಗುಣ ಹೇಳುತ್ತಾನೆ, ಆಮೇಲೆ ದೋಷ ಹೇಳುತ್ತಾನೆ, ಅದಾದ ಮೇಲೇ ದರದ ಮಾತು. ಮಾರುಕಟ್ಟೆಯಲ್ಲಿ ಇದು ಸರಿ. ಹೆಣ್ಣಿನ ಮನೆಯಲ್ಲಿ? ಅಗಡಿಯ ಒಂದು ಮನೆಯಲ್ಲಿ ಉಪ್ಪಿಟ್ಟಿನ ಘಮ ಚೆನ್ನಾಗಿದೆ, ಆದರೆ ರವೆ ಸರಿಯಾಗಿ ಹುರಿದಿಲ್ಲ ಎಂದ. ಚಹಾಕ್ಕೆ ಬಣ್ಣ ಬಂದಿದೆ, ಶುಂಠಿ ಸಾಲದು ಎಂದ. ಮನೆಯ ಗೋಡೆ ಗಟ್ಟಿ, ಬಾಗಿಲು ಮಾತ್ರ ಸೊಟ್ಟ ಎಂದ. ಮೂಲೆಯಲ್ಲಿ ಕುಳಿತಿದ್ದ ಹುಡುಗಿಯ ಅಜ್ಜಿ ತಡೆಯಲಾರದೆ ಕೇಳಿದರು: “ತಮ್ಮಾ, ನೀ ಹೆಣ್ಣ ನೋಡಾಕ ಬಂದೀಯೋ, ಮಾಲ ನೋಡಾಕ ಬಂದೀಯೋ?”

ಇಂಥ ಮಾವ, ಬಸ್ಸು ತಪ್ಪಿದ ಒಂದು ಭಾನುವಾರ, ಹೊತ್ತು ಕಳೆಯಲೆಂದು ರಾಣೆಬೆನ್ನೂರಿನ ಒಂದು ಗೇಮ್ ಸೆಂಟರಿಗೆ ಹೊಕ್ಕ. ಅಲ್ಲಿ ಡೈನೋಸಾರ್ ಆಟದ ಯಂತ್ರವಿದೆ. ಎದುರಿಗೆ ದೊಡ್ಡ ಪರದೆ, ವೈರು ಕಟ್ಟಿದ ಎರಡು ಪ್ಲಾಸ್ಟಿಕ್ ಬಂದೂಕು. ಪರದೆಯ ಮೇಲೆ ಕಾಡು ಓಡುತ್ತದೆ, ಮೃಗಗಳು ಮೈಮೇಲೆ ಬರುತ್ತವೆ, ಗುರಿಯಿಟ್ಟು ಹೊಡೆಯಬೇಕು. ಆ ದಿನ ಅವನಿಗೆ ಎರಡನೆಯ ಬಸ್ಸೂ ತಪ್ಪಿತು. ಅಂದಿನಿಂದ ಅವನ ಎಲ್ಲ ಭಾನುವಾರಗಳೂ ಅಲ್ಲೇ.

ಆಟದ ಗುಣದೋಷ ನನಗೆ ಬಾಯಿಪಾಠವಾಗಿದೆ. ಗುಣ: ಗರ್ಜನೆ ಕೇಳಿದರೆ ಎದೆ ನಡುಗುತ್ತದೆ. ಕುಳಿತ ಆಸನವೂ ಜೊತೆಗೆ ನಡುಗುತ್ತದೆ. ಬಂದೂಕಿಗೆ ತಕ್ಕ ಭಾರವಿದೆ. ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ದೋಷ: ಎಡಗಡೆಯ ಬಂದೂಕಿನ ಗುರಿ ಒಂದು ಗೇಣು ಬಲಕ್ಕೆ ಬೀಳುತ್ತದೆ. ಗುಂಡು ತುಂಬಲು ಪರದೆಯ ಹೊರಗೆ ಹೊಡೆಯಬೇಕಂತೆ, ಯಾವ ಊರಿನ ಬಂದೂಕು ಅದು? ಹಸಿರು ಮೃಗಕ್ಕೇ ಕೆಂಪು ಬಣ್ಣ ಬಳಿದು ಹೊಸದೆಂದು ತೋರಿಸುತ್ತಾರೆ. ಕೊನೆಯದೊಂದು ಮಹಾದೋಷ: ಇಬ್ಬರು ಆಡುವಾಗ ಒಬ್ಬರು ಸತ್ತರೆ, ಬದುಕಿದವರ ಜೀವದಲ್ಲಿ ಅವರಿಗೆ ಪಾಲು ಕೊಡುವಂತಿಲ್ಲ. ಪರದೆ ಹತ್ತರಿಂದ ಹಿಂದಕ್ಕೆ ಎಣಿಸುತ್ತದೆ. ಸೊನ್ನೆಯಾಗುವುದರೊಳಗೆ ಹೊಸ ಟೋಕನ್ ಹಾಕದಿದ್ದರೆ ಮುಗಿಯಿತು.

ಇಷ್ಟು ತಿಳಿದವನು ಎಂದಾದರೂ ಗೆದ್ದನೇ? ಇಲ್ಲ. ಮೂರನೆಯ ಹಂತದಲ್ಲಿ ಉದ್ದ ಕತ್ತಿನ ಡೈನೋಸಾರುಗಳ ಹಿಂಡು ನುಗ್ಗಿ ಬರುತ್ತದೆ. ಆಗ ಮಾವ ಬಂದೂಕು ಇಳಿಸಿಬಿಡುತ್ತಾನೆ. ಎದುರಿಗೆ ಬಂದದ್ದನ್ನೆಲ್ಲ ಹೊಡೆಯಲೇಬೇಕೆಂದು ಟೋಕನ್ ಕೊಡುವ ಗೃಹಸ್ಥರು ತಿಳಿಸಿ ಹೇಳಿದರು. “ಅದು ಹುಲ್ಲ ತಿನ್ನೋ ಪ್ರಾಣಿರೀ,” ಎಂದ ಮಾವ. “ನಮಗೇನ ಮಾಡೇತಿ ಅದು?” ಮಾತು ಮುಗಿಯುವುದರೊಳಗೆ ಹುಲ್ಲು ತಿನ್ನುವ ಪ್ರಾಣಿ ಅವನನ್ನು ತುಳಿದುಕೊಂಡು ಹೋಗಿತ್ತು.

ಹೀಗಿರುವಾಗ ಹನ್ನೆರಡನೆಯ ಹೆಣ್ಣಿನ ಸುದ್ದಿ ಬಂತು. ಹಲಗೇರಿಯವರು. ರಾಣೆಬೆನ್ನೂರಿನಲ್ಲಿ ತಂದೆಯ ಬೀಜದ ಅಂಗಡಿಯನ್ನು ಅವರೇ ನೋಡಿಕೊಳ್ಳುತ್ತಾರೆ. ಚಹಾದ ತಟ್ಟೆ ಹಿಡಿದು ನಿಲ್ಲುವುದು ತನ್ನಿಂದಾಗದು, ಹೊರಗೆಲ್ಲಾದರೂ ಭೇಟಿಯಾಗೋಣ ಎಂದು ಹೇಳಿ ಕಳಿಸಿದ್ದರು. ಜಾಗ ಆರಿಸಿದವನು ಮಾವ. ಯಾವ ಜಾಗವೆಂದು ಹೇಳಬೇಕೇ? ಅವ್ವ ಹಣೆ ಚಚ್ಚಿಕೊಂಡಳು. ಅವನು ಮಾತ್ರ ನಗಲಿಲ್ಲ. “ಇದೊಂದ ನೋಡ್ತೀನಿ ಅಕ್ಕಾ,” ಎಂದ. “ಇದೂ ಆಗಲಿಲ್ಲಂದ್ರ ಸಾಕ. ಇನ್ನ ಯಾರ ಮನಿಗೂ ಕರಕೊಂಡ ಹೋಗಬ್ಯಾಡ.” ಅವ್ವ ನನ್ನನ್ನು ಜೊತೆಗೆ ಕಳಿಸಿದಳು. ಅವನ ಬಾಯಿಂದ ದೋಷ ಬೀಳದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ನನ್ನಿಂದ ಆಗಲಿಲ್ಲ. ನಮಸ್ಕಾರ ಮುಗಿಯುತ್ತಲೇ ಮಾವ ಯಂತ್ರದ ಗುಣದೋಷಗಳನ್ನು ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೋಗಿ ಗುರಿ ತಪ್ಪುವ ಎಡಗಡೆಯ ಬಂದೂಕನ್ನೇ ಎತ್ತಿಕೊಂಡು, ಒಂದು ಗೇಣು ಎಡಕ್ಕೆ ಹಿಡಿದು ಹೊಡೆಯತೊಡಗಿದರು. ಮೂರನೆಯ ಹಂತದಲ್ಲಿ ಮಾವ ವಾಡಿಕೆಯಂತೆ ಬಂದೂಕು ಇಳಿಸಿದಾಗ ಅವರು ಇಡೀ ಹಿಂಡನ್ನು ಮಲಗಿಸಿಬಿಟ್ಟರು. ಅವು ಹುಲ್ಲು ತಿನ್ನುತ್ತವೆಂದು ಮಾವ ಗೊಣಗಿದ.

“ತುಳ್ಯಾಕ ಬಂದ ಮ್ಯಾಲೆ ಹುಲ್ಲ ತಿಂದ್ರೇನ, ರೊಟ್ಟಿ ತಿಂದ್ರೇನ್ರಿ?” ಎಂದರು ಅವರು, ಪರದೆಯಿಂದ ಕಣ್ಣು ಕೀಳದೆ.

ಹೀಗೆ ಮಾವ ಜೀವಮಾನದಲ್ಲಿ ಮೊದಲ ಸಲ ಕೊನೆಯ ಹಂತ ಮುಟ್ಟಿದ. ಅಲ್ಲಿ ಎಲ್ಲಕ್ಕಿಂತ ದೊಡ್ಡ ಡೈನೋಸಾರ್. ಅದರ ಜೀವ ಎಳೆಯಷ್ಟು ಉಳಿದಿತ್ತು. ಅಷ್ಟರಲ್ಲಿ ಅದು ಅವರನ್ನು ಕಚ್ಚಿತು. ಅವರ ಕಡೆಯ ಪರದೆ ಕಪ್ಪಾಗಿ ಎಣಿಕೆ ಶುರುವಾಯಿತು. ಮಾವನ ಜೀವ ಇನ್ನೂ ಧಾರಾಳವಾಗಿತ್ತು. ನಾಲ್ಕು ಗುಂಡು ಹೊಡೆದಿದ್ದರೆ ಅವನು ಗೆಲ್ಲುತ್ತಿದ್ದ. ಅವನು ಬಂದೂಕನ್ನು ಅಲ್ಲೇ ಬಿಟ್ಟು ಟೋಕನ್ ಕೊಡುವಲ್ಲಿಗೆ ಓಡಿದ.

ಹಿಡಿ ತುಂಬ ಟೋಕನ್ ಹಿಡಿದು ಅವನು ಬರುವ ಹೊತ್ತಿಗೆ ಎಣಿಕೆ ಮುಗಿದಿತ್ತು. ಅವನನ್ನೂ ಡೈನೋಸಾರ್ ತಿಂದಾಗಿತ್ತು.

“ನಿಮ್ಮ ಜೀವ ಇನ್ನೂ ಇತ್ತಲ್ರಿ,” ಎಂದರು ಅವರು. “ಹೊಡದಿದ್ರ ಗೆಲ್ತಿದ್ರಿ. ಯಾಕ ಹೋದ್ರಿ?”

ಈಗ ಇವನು ಯಾವ ದೋಷ ಹೇಳುತ್ತಾನೋ ಎಂದು ನಾನು ಹೆದರಿದೆ. ಮಾವ ಏದುಸಿರು ಬಿಡುತ್ತಿದ್ದ. ತಲೆ ತಗ್ಗಿಸಿದ.

“ನಾ ಒಬ್ಬಾಂವನ ಎಷ್ಟಂತ ಹೊಡೀಲ್ರಿ?”

ಅವರು ಬಂದೂಕನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಆಮೇಲೆ ಅವನ ಅಂಗೈಯಿಂದ ಎರಡು ಟೋಕನ್ ಆರಿಸಿಕೊಂಡು, ಮೊದಲನೆಯದನ್ನು ಯಂತ್ರದಲ್ಲಿ ಅವನ ಕಡೆಗೆ ಹಾಕಿದರು.