ಟಿಕೆಟ್ಟಿಲ್ಲದ ಕಂಡಕ್ಟರನ ವಿಮಾನಯಾನ

"ಪ್ರಯಾಣ ಮಾಡೋದು ಹೇಗೆ ಅಂತ ನಂಗೇ ಹೇಳಿಕೊಡ್ತೀಯೇನಯ್ಯಾ?" ಎಂದು ನಾನು ಫೋನಿನಲ್ಲಿ ಗುಡುಗಿದೆ.

ಆ ಕಡೆ ಇದ್ದವನು ನನ್ನ ಭಾಮೈದ. ದೂರದ ಊರಿನಲ್ಲಿ ಕಾರ್ಖಾನೆ ಕೆಲಸ. ಅಕ್ಕನನ್ನು ನೋಡದೆ ಬಹಳ ದಿನವಾಯಿತೆಂದು ನಮ್ಮಿಬ್ಬರಿಗೂ ವಿಮಾನದ ಟಿಕೆಟ್ ಕಳಿಸಿದ್ದ. ಕಳಿಸಿದವನು ಸುಮ್ಮನಿರಬಾರದೇ? ದಿನಾ ಫೋನು, ದಿನಾ ಉಪದೇಶ! "ಭಾವ, ಎರಡು ಗಂಟೆ ಮುಂಚೆ ಹೋಗಿ. ಭಾವ, ಚಾಕು ಕತ್ತರಿ ಕೈಚೀಲದಲ್ಲಿ ಇಟ್ಕೋಬೇಡಿ. ಭಾವ, ಜೇಬಲ್ಲಿರೋದನ್ನೆಲ್ಲ ತೆಗೆದು ಟ್ರೇಗೆ ಹಾಕಿ. ಭಾವ, ಸೀಟಿಗೆ ನಂಬರ್ ಇರುತ್ತೆ, ಓಡಿಹೋಗಿ ಕರ್ಚೀಫ್ ಹಾಕಬೇಡಿ."

ಹೇಳಿ ಸ್ವಾಮಿ, ನಾನು ಯಾರು? ಟೌನ್ ಬಸ್ಸಿನ ಕಂಡಕ್ಟರ್! ತಲೆ ನರೆಯುವಷ್ಟು ಕಾಲ ಜನರನ್ನು ಹತ್ತಿಸಿ ಇಳಿಸಿದವನು. ಕಾಲಿಡಲು ತೆರಪಿಲ್ಲದ ಬಸ್ಸಿನಲ್ಲಿ ಇನ್ನೂ ಒಂದು ಗುಂಪಿಗೆ ಜಾಗ ಸೃಷ್ಟಿಸಿದ ಸಾಕ್ಷಾತ್ ಬ್ರಹ್ಮ! ಡಿಪೋದಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ನಾನು 'ವಿಷಲ್'. ನಾನು ಊದಿದರೆ ಬಸ್ಸಿರಲಿ, ಪಕ್ಕದ ಸೈಕಲ್ಲೂ ನಿಲ್ಲುತ್ತಿತ್ತು. ಅಂಥವನಿಗೆ ಉಪದೇಶವೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗಲ್ಲವೇ?

"ಬಸ್ಸಿಗೆ ರೆಕ್ಕೆ ಕಟ್ಟಿದ್ರೆ ವಿಮಾನ, ಅಷ್ಟೇ ಕಣಯ್ಯಾ!" ಎಂದು ಫೋನಿಟ್ಟೆ.

ತಿರುಗಿದರೆ ನನ್ನ ಹೆಂಡತಿ, ಅರ್ಧ ಮಡಿಸಿದ ನನ್ನ ಅಂಗಿ ಹಿಡಿದು ನಿಂತಿದ್ದಾಳೆ.

"ಅವನ ಮಾತು ಕೇಳ್ದೇ ಇದ್ರೂ ಪರವಾಗಿಲ್ಲ. ನನ್ನದೊಂದು ಮಾತು ಕೇಳ್ತೀರಾ?"

"ಹೇಳು."

"ಮದುವೆ ಆದಾಗಿನಿಂದ ನಾವಿಬ್ರೂ ಪಕ್ಕಪಕ್ಕ ಕೂತು ಎಲ್ಲಿಗಾದ್ರೂ ಹೋಗಿದೀವಾ?"

ಯೋಚಿಸಿದೆ. ಇನ್ನೂ ಯೋಚಿಸಿದೆ. ಹೋಗಿರಲಿಲ್ಲ! ನನ್ನ ಬಸ್ಸಿಗೆ ಅವಳು ಎಷ್ಟೋ ಸಲ ಹತ್ತಿದ್ದಾಳೆ. ಅವಳು ಕೂತಿರುತ್ತಿದ್ದಳು, ನಾನು ನಿಂತಿರುತ್ತಿದ್ದೆ. ರಜೆಯಲ್ಲಿ ಬೇರೆ ಬಸ್ಸು ಹತ್ತಿದರೂ ಅಷ್ಟೇ. ಕಂಡಕ್ಟರ್ ಹೊಸಬನಂತೆ ಕಂಡರೆ ಸಾಕು, ಪಾಪ ಎಂದು ಎದ್ದು ಹೋಗಿ ಬಾಗಿಲು ನೋಡಿಕೊಳ್ಳುತ್ತಿದ್ದೆ.

"ಈ ಸಲ ನೀವು ಬರೀ ಪ್ಯಾಸೆಂಜರ್. ಮನೆ ಬಿಟ್ಟಾಗಿನಿಂದ ನನ್ನ ಪಕ್ಕ ಇರಬೇಕು. ಡ್ಯೂಟಿಗೀಟಿ ಅಂದ್ರೆ ನೋಡಿ!"

"ನಿನ್ನಾಣೆ ಕಣೇ! ಪ್ಯಾಸೆಂಜರ್ ಅಂದ್ರೆ ಹೇಗಿರಬೇಕು ಅಂತ ಈ ಸಲ ಜಗತ್ತಿಗೇ ತೋರಿಸ್ತೀನಿ!"

ಅವಳು ನಂಬಿದಳು. ಆದರೂ ಟಿಕೆಟ್ ಎರಡನ್ನೂ ತನ್ನ ಕೈಚೀಲದೊಳಗೇ ಇಟ್ಟುಕೊಂಡಳು. ಟಿಕೆಟ್ ಕೈಗೆ ಸಿಕ್ಕಿದರೆ ನಾನು ಯಾರಿಗಾದರೂ ಹರಿದು ಕೊಟ್ಟುಬಿಡುತ್ತೇನೆಂದು ಅವಳ ಭಯ.

ವಿಮಾನ ನಿಲ್ದಾಣಕ್ಕೆ ಹೊತ್ತಿಗೆ ಮುಂಚೆಯೇ ಹೋದೆವು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ನನ್ನ ಚಪ್ಪಲಿಯ ಹೊಲಿಗೆ ಅದರಲ್ಲಿ ಕಾಣುತ್ತಿತ್ತು. ಚೀಲ ಕೊಟ್ಟೆವು, ತಪಾಸಣೆಯ ಸಾಲಿನಲ್ಲಿ ನಿಂತೆವು. ಬೀಗದ ಕೈ, ಚಿಲ್ಲರೆ, ಬೆಲ್ಟು ಎಲ್ಲ ಟ್ರೇಗೆ ಹಾಕಿ ರಾಜಗಾಂಭೀರ್ಯದಿಂದ ಆ ಚೌಕಟ್ಟಿನೊಳಗೆ ನಡೆದೆ. ಕುಂಯ್ ಅಂದಿತು!

ಕಾವಲಿನವನು ನನ್ನ ಕೊರಳಿಗೆ ಕೈಹಾಕಿ ದಾರ ಎಳೆದ. ಅಂಗಿಯೊಳಗಿಂದ ವಿಷಲ್ ಹೊರಗೆ ಬಂತು! ಬೆಳಗ್ಗೆ ಅಂಗಿ ಹಾಕುವಾಗ ಕೈ ತಾನಾಗಿ ಹಾಕಿಕೊಂಡುಬಿಟ್ಟಿತ್ತು.

"ಏನ್ರೀ ಇದು?"

"ವಿಷಲ್ ಸಾರ್."

"ಬರೀ ವಿಷಲ್ಲಾ?" ಎಂದು ಆತ ಅದನ್ನು ತಿರುಗಿಸಿ ಮುರುಗಿಸಿ ಅನುಮಾನದಿಂದ ನೋಡಿದ.

ಪ್ರಾಮಾಣಿಕನಿಗೆ ಪುರಾವೆ ಕೊಡಲು ಏನು ಭಯ? ಅವನ ಕೈಯಿಂದ ತೆಗೆದುಕೊಂಡು ಊದಿಬಿಟ್ಟೆ!

ಇಡೀ ನಿಲ್ದಾಣ ಸ್ತಬ್ಧ! ಆ ಬಾಗಿಲಿನಿಂದ ಒಬ್ಬ ಕಾವಲಿನವನು, ಈ ಬಾಗಿಲಿನಿಂದ ಇಬ್ಬರು ಓಡಿ ಬಂದರು. ಬೆಲ್ಟು ಬಿಚ್ಚಿ ಟ್ರೇಗೆ ಹಾಕಿ, ಪ್ಯಾಂಟನ್ನು ಕೈಯಲ್ಲಿ ಹಿಡಿದು ನಿಂತಿದ್ದ ಸಭ್ಯಸ್ಥರೊಬ್ಬರು ಗಾಬರಿಯಿಂದ ಎರಡೂ ಕೈ ಮೇಲೆತ್ತಿದರು. ಮುಂದಿನದನ್ನು ನಾನು ವರ್ಣಿಸುವುದಿಲ್ಲ. ನನ್ನ ಹೆಂಡತಿ ಗೋಡೆಯ ಕಡೆ ತಿರುಗಿ, ವಿಮಾನದಲ್ಲಿ ಒಯ್ಯಬಾರದ ವಸ್ತುಗಳ ಫಲಕವನ್ನು ಓದತೊಡಗಿದಳು. ಅದರಲ್ಲಿ ಗಂಡ ಇದ್ದಾನೆಯೇ ಎಂದು ಹುಡುಕುತ್ತಿದ್ದಳೆಂದು ಕಾಣುತ್ತದೆ.

ವಿಷಲ್ ಅಲ್ಲೇ ಜಪ್ತಿಯಾಯಿತು. ಮೊದಲ ಸಲ ವಿಮಾನ ಹತ್ತುವ ಓದುಗರಿಗೆ ನನ್ನ ಹಿತವಚನ: ಇದೇನು ಎಂದು ಕೇಳಿದರೆ ಬಾಯಲ್ಲಿ ಹೇಳಿ. ಊದಿ ತೋರಿಸಬೇಡಿ.

"ಅದು ಡ್ಯೂಟಿ ಅಲ್ಲ ಕಣೇ, ಬರೀ ಪುರಾವೆ" ಎಂದೆ, ಇಂಗು ತಿಂದ ಮಂಗನ ಮುಖ ಮಾಡಿಕೊಂಡು.

"ಮೊದಲನೇ ತಪ್ಪು ಅಂತ ಬಿಟ್ಟಿದೀನಿ. ಸುಮ್ನೆ ಬನ್ನಿ."

ಸುಮ್ಮನೆ ಹೋದೆ, ಸುಮ್ಮನೆ ಕುಳಿತೆ. ಜನ ಅಡ್ಡಾದಿಡ್ಡಿ ಸಾಲು ಕಟ್ಟಿದರೂ ನೋಡದವನಂತೆ ಎರಡೂ ಅಂಗೈಗಳನ್ನು ತೊಡೆಯಡಿ ಒತ್ತಿ ಕುಳಿತಿದ್ದೆ. ಹೆಂಡತಿ ಮೆಚ್ಚುಗೆಯಿಂದ ನನ್ನ ಕಡೆ ನೋಡಿದಳು ಕೂಡ. ಅಷ್ಟರಲ್ಲಿ ಬಾಗಿಲು ತೆರೆಯಿತು. ಹೆಂಡತಿ ಎರಡೂ ಟಿಕೆಟ್ ತೋರಿಸಿ ಮತ್ತೆ ಕೈಚೀಲಕ್ಕೆ ಹಾಕಿಕೊಂಡಳು. ವಿಮಾನ ಹತ್ತಬೇಕೆಂದು ಹೋದರೆ ಬಾಗಿಲಾಚೆ ನಿಂತಿರುವುದೇನು? ಬಸ್ಸು! ವಿಮಾನ ದೂರದಲ್ಲಿ ನಿಂತಿದೆಯಂತೆ, ಅಲ್ಲಿವರೆಗೆ ಬಸ್ಸಿನಲ್ಲಿ ಒಯ್ಯುತ್ತಾರಂತೆ.

ನನ್ನ ಭಾಮೈದ ಚಾಕು ಕತ್ತರಿಯೆಲ್ಲ ಹೇಳಿದ್ದ, ಇದೊಂದನ್ನು ಹೇಳಿರಲಿಲ್ಲ. ಹೇಳಿದ್ದರೆ ನಾನು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತುತ್ತಿದ್ದೆ.

ಬಾಗಿಲಾಚೆಯ ಮೆಟ್ಟಿಲ ಹತ್ತಿರ ಊರುಗೋಲು ಹಿಡಿದ ಅಜ್ಜಿಯೊಬ್ಬರು ತಡವರಿಸುತ್ತಿದ್ದರು. ಜೊತೆಗೆ ಯಾರೂ ಇರಲಿಲ್ಲ. ನನ್ನ ಹೆಂಡತಿ ಅವರ ಮೊಳಕೈ ಹಿಡಿದು, "ನೀವು ಹತ್ತಿರಿ, ಇವರನ್ನ ಕರ್ಕೊಂಡು ಬಂದೆ" ಎಂದಳು. ನಾನು ಹತ್ತಿದೆ. ಒಳಗಿನ ದೃಶ್ಯ ನೋಡಿ ರಕ್ತ ಕುದಿಯಿತು! ನಡುವೆಲ್ಲ ಖಾಲಿ, ಜನರೆಲ್ಲ ಬಾಗಿಲಲ್ಲೇ! ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಮುಂದೆ ಹೋಗ್ರೀ, ಮುಂದೆ! ಬಾಗಿಲ ಹತ್ರ ಏನು ಮೀಟಿಂಗಾ? ರೀ ಕೋಟಿನವ್ರೇ, ಆ ಬ್ಯಾಗು ಕಾಲ ಸಂದೀಲಿ ಇಟ್ಕೊಳ್ಳಿ! ಅಕ್ಕಾ, ಫೋನಲ್ಲಿ ಆಮೇಲೆ ಮಾತಾಡಿ, ಒಳಗೆ ಸರೀರಿ!"

ಸರಿದರು! ಸೂಟುಬೂಟಿನವರು, ತಂಪು ಕನ್ನಡಕದವರು, ಇಂಗ್ಲಿಷಿನಲ್ಲಿ ಗೊಣಗುತ್ತಿದ್ದವರು, ಎಲ್ಲರೂ ಕುರಿಗಳಂತೆ ಸರಿದರು. ಎಂಥ ಆನಂದ! ಹಿಂದಿನಿಂದ ಬಂದವರನ್ನು ತುಂಬಿದೆ, ಮತ್ತೂ ತುಂಬಿದೆ. ಭರ್ತಿಯಾಯಿತು. ನನ್ನ ಬಲಗೈ ನನ್ನನ್ನು ಒಂದು ಮಾತೂ ಕೇಳದೆ ಹೊರಗೆ ಚಾಚಿ ಬಸ್ಸಿನ ಮೈಮೇಲೆ ಬಡಿಯಿತು. ಧಡ್ ಧಡ್!

"ರೈಟ್... ರೈಟ್!"

ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಹೆಮ್ಮೆಯಿಂದ ಬಾಗಿಲ ಗಾಜಿನಾಚೆ ನೋಡಿದೆ. ಅಲ್ಲಿ ನನ್ನ ಹೆಂಡತಿ ನಿಂತಿದ್ದಳು! ಒಂದು ಕೈಯಲ್ಲಿ ಅಜ್ಜಿಯ ಮೊಳಕೈ, ಇನ್ನೊಂದರಲ್ಲಿ ಕೈಚೀಲ, ಬಾಯಿ ಅರ್ಧ ತೆರೆದಿದೆ. ನಿಲ್ದಾಣದ ಸಿಬ್ಬಂದಿಯ ಹುಡುಗಿಯೊಬ್ಬಳು ಬಸ್ಸಿನ ಹಿಂದೆ ಓಡಿ ಬರುತ್ತಿದ್ದಾಳೆ. ಬಸ್ಸಿನ ಹಿಂದೆ ಓಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ನನ್ನ ಹೆಂಡತಿ ಓಡಲಿಲ್ಲ. ನಿಂತಲ್ಲೇ ನಿಂತು ನನ್ನನ್ನು ನೋಡಿದಳು. ಓಡಿದ್ದರೇ ವಾಸಿಯಿತ್ತು.

"ಹೋಲ್ಡಾನ್! ಹೋಲ್ಡಾನ್!" ಎಂದು ಅರಚಿದೆ. ಡ್ರೈವರ್ ಗಾಜಿನ ಗೂಡಿನೊಳಗಿದ್ದ, ಕೇಳಿಸಲಿಲ್ಲ. ಕೊರಳಿಗೆ ಕೈ ಹೋಯಿತು. ವಿಷಲ್ ಕಾವಲಿನವನ ಹತ್ತಿರ! ಧಡಧಡ ಎಂದು ಗಾಜು ಬಡಿದೆ. ಆ ಪುಣ್ಯಾತ್ಮ, ಬೇಗ ಹೋಗು ಎನ್ನುತ್ತಿದ್ದಾರೆಂದು ತಿಳಿದು ಇನ್ನಷ್ಟು ಜೋರಾಗಿ ಬಿಟ್ಟ!

ವಿಮಾನದ ಬುಡದಲ್ಲಿ ಬಸ್ಸು ನಿಂತಾಗ ಡ್ರೈವರಿಗೆ ರೇಡಿಯೋದಲ್ಲಿ ಬೈಗುಳ ಶುರುವಾಗಿತ್ತು. ಕೆಳಗಿಳಿದು ಬಂದ.

"ಯಾರ್ರೀ ಬಸ್ಸು ಬಡಿದು ರೈಟ್ ಕೊಟ್ಟಿದ್ದು?"

"ನಾನಪ್ಪಾ."

"ಏನ್ ಸಾರ್ ನೀವು! ನಾನೂ ಮೊದಲು ಟೌನ್ ಬಸ್ಸಲ್ಲೇ ಇದ್ದೋನು. ಧಡ್ ಧಡ್ ಅಂದ್ರೆ ಕಾಲು ನನ್ನ ಮಾತು ಕೇಳಲ್ಲ. ನನ್ನ ಕೆಲಸ ಹೋದ್ರೆ ಯಾರು ಹೊಣೆ?"

ಅಲ್ಲಿದ್ದ ಅಧಿಕಾರಿಗೆ ಕೈಮುಗಿದು, ತಪ್ಪೆಲ್ಲ ನನ್ನದೇ ಎಂದು ಹೇಳಿದೆ. ಆತ ನನ್ನನ್ನು ಮೇಲಿಂದ ಕೆಳಗೆ ನೋಡಿ, ಡ್ರೈವರನನ್ನು ಉಳಿದವರನ್ನು ಕರೆತರಲು ಕಳಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ನಿಮ್ಮ ಟಿಕೆಟ್?"

ಅಯ್ಯೋ ದೇವರೇ! ಟಿಕೆಟ್ ಕೈಚೀಲದಲ್ಲಿ, ಕೈಚೀಲ ಹೆಂಡತಿಯ ಕೈಯಲ್ಲಿ!

"ಟಿಕೆಟ್ಟು... ಹಿಂದೆ ಇದೆ ಸಾರ್."

ಹೇಳಿದ ಮೇಲೆ ನನ್ನ ಕಿವಿಗೇ ಅದು ಕೇಳಿಸಿತು. 'ಹಿಂದೆ ಇದಾರೆ, ಅವರು ತಗೋತಾರೆ' ಎಂದ ಎಷ್ಟು ಕಳ್ಳರನ್ನು ನಾನು ಕಾಲರ್ ಹಿಡಿದು ನಡುರಸ್ತೆಯಲ್ಲಿ ಇಳಿಸಿಲ್ಲ! "ಪಕ್ಕಕ್ಕೆ ನಿಂತ್ಕೊಳ್ಳಿ" ಎಂದರು. ನಿಂತೆ. ನಾನೇ ತುಂಬಿದ್ದ ಜನರೆಲ್ಲ ಒಬ್ಬೊಬ್ಬರಾಗಿ ನನ್ನ ಮುಂದೆಯೇ ವಿಮಾನ ಹತ್ತಿದರು. ಕಾಲ ಸಂದಿಯಲ್ಲಿ ಬ್ಯಾಗು ಇಟ್ಟುಕೊಂಡಿದ್ದ ಕೋಟಿನವರು ನಿಂತು, "ಯಾಕೆ ಕಂಡಕ್ಟರ್ ಸಾಹೇಬ್ರೇ, ನೀವು ಹತ್ತಲ್ವಾ?" ಎಂದು ಬಹಳ ಮರ್ಯಾದೆಯಿಂದ ಕೇಳಿದರು. ನೆಲ ಬಾಯಿಬಿಡಬಾರದೇ ಎನ್ನಿಸಿತು. ಅದು ಸಿಮೆಂಟಿನ ನೆಲ, ಬಿಡಲಿಲ್ಲ.

ಮತ್ತೆ ಬಸ್ಸು ಬಂತು. ಹೆಂಡತಿ ಎಲ್ಲರಿಗಿಂತ ಕೊನೆಗೆ, ಅಜ್ಜಿಯನ್ನು ಮೆಲ್ಲನೆ ಇಳಿಸಿಕೊಂಡು ಇಳಿದಳು.

"ಅಮ್ಮಾ, ಇವರು ನಿಮ್ಮ ಕಡೆಯವರಾ?" ಎಂದು ಅಧಿಕಾರಿ ಕೇಳಿದ.

ಅವಳು ನನ್ನನ್ನು ನೋಡಿದಳು. ಬಹಳ ಹೊತ್ತು ಯೋಚಿಸಿದಳು. ಇಷ್ಟು ಯೋಚಿಸುವ ಪ್ರಶ್ನೆಯೇ ಅದು?

"ಅವರ ಟಿಕೆಟ್ ಇಲ್ಲಿದೆ, ತಗೊಳ್ಳಿ" ಎಂದಳು. ಕೇಳಿದ್ದಕ್ಕೆ ಉತ್ತರ ಮಾತ್ರ ಕೊಡಲಿಲ್ಲ.

ಸಾಲಿನಲ್ಲಿ ಈ ಕಡೆ ಎರಡು, ಆ ಕಡೆ ಎರಡು ಸೀಟಿನ ವಿಮಾನ ಅದು. ನಮ್ಮವು ಹಿಂದೆ ಇದ್ದವು. ನಾನು ಹೋಗಿ ಕಿಟಕಿ ಪಕ್ಕ ಕುಳಿತು ಕಾದೆ. ಅವಳು ಬರಲಿಲ್ಲ. ಅಜ್ಜಿಗೂ ಅದು ಮೊದಲ ಪ್ರಯಾಣ, ಭಯ. ಅವರ ಪಕ್ಕದ ಸೀಟು ಖಾಲಿ ಇತ್ತೆಂದು ಗಗನಸಖಿಯನ್ನು ಕೇಳಿ ಅಲ್ಲೇ ಕುಳಿತುಬಿಟ್ಟಳು. ವಿಮಾನ ಓಡಿತು, ಎದ್ದಿತು. ಕಿವಿ ಗುಂಯ್ ಎಂದಿತು, ಹೊಟ್ಟೆ ಒಮ್ಮೆ ಕೆಳಗೇ ಉಳಿದು ಆಮೇಲೆ ಬಂದು ಸೇರಿಕೊಂಡಿತು. ಭಯದಿಂದ ಪಕ್ಕಕ್ಕೆ ಕೈ ಚಾಚಿದೆ. ಸಿಕ್ಕಿದ್ದು ಖಾಲಿ ಸೀಟಿನ ತಣ್ಣನೆಯ ಕೈಹಿಡಿ. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಭಯಕ್ಕಿಂತ ನಾಚಿಕೆಯೇ ಹೆಚ್ಚಾಯಿತು. ಅವಳು ಕೇಳಿದ್ದು ಇಷ್ಟೇ ಇಷ್ಟು, ಪಕ್ಕದಲ್ಲಿ ಕೂರುವುದು. ಅದನ್ನೂ ಕೊಡಲಾಗಲಿಲ್ಲ ನನ್ನಿಂದ.

ಗಗನಸಖಿಯನ್ನು ಕರೆದೆ. "ಮುಂದೆ ಅಜ್ಜಿ ಪಕ್ಕ ಕೂತಿದಾರಲ್ಲ, ಅವರಿಗೆ ಅವರ ಯಜಮಾನರು ಕರೀತಿದಾರೆ ಅಂತ ಹೇಳ್ತೀಯಾಮ್ಮ?"

ಹೋದಳು, ಬಂದಳು. "ಅವರ ಯಜಮಾನರು ಅವರನ್ನ ಕೆಳಗೇ ಬಿಟ್ಟು ಹೋದರಂತೆ ಸಾರ್. ಈ ವಿಮಾನದಲ್ಲಿ ಅವರಿಗೆ ಪರಿಚಯದವರು ಯಾರೂ ಇಲ್ವಂತೆ."

"ತಪ್ಪಾಯ್ತಂತೆ ಅಂತ ಹೇಳಮ್ಮ."

ಮತ್ತೆ ಹೋದಳು, ಬಂದಳು. "ತಪ್ಪಾಯ್ತು ಅಂತ ಹೇಳ್ತಿರೋದು ಯಾರಿಗೆ ಅಂತ ಕೇಳ್ತಿದಾರೆ. ಬಸ್ಸಿನವರಿಗಾ, ಅವರಿಗಾ?"

"ಅವಳಿಗೆ! ಅವಳೊಬ್ಬಳಿಗೇ! ಬಸ್ಸು ತುಂಬಿದ್ದು ಕಾಣಿಸ್ತು, ನನ್ನ ಪಕ್ಕ ಅವಳಿಲ್ಲದ್ದು ಕಾಣಿಸ್ಲಿಲ್ಲ ಅಂತ ಹೇಳು."

ಈ ಸಲ ಗಗನಸಖಿ ಹೋದವಳು ಬರಲೇ ಇಲ್ಲ. ತಲೆ ತಗ್ಗಿಸಿ ಕುಳಿತಿದ್ದೆ. ಎಷ್ಟು ಹೊತ್ತಾಯಿತೋ, ಸೀಟುಗಳ ನಡುವಿನ ದಾರಿಯಲ್ಲಿ ಯಾರೋ ಬಂದು ನಿಂತರು.

"ಇಲ್ಲಿ ಯಾರಾದ್ರೂ ಬರ್ತಾರಾ?"

ತಲೆಯೆತ್ತಿದೆ. ನನ್ನ ಹೆಂಡತಿ! ಅಪರಿಚಿತರ ಹತ್ತಿರ ಕೇಳುವ ಹಾಗೆ ಕೇಳಿ, ಅಪರಿಚಿತರ ಹಾಗೆಯೇ ನಿಂತಿದ್ದಾಳೆ.

"ನಮ್ಮನೆಯವಳು... ಬರಬೇಕಿತ್ತು."

"ಹೌದಾ? ಎಲ್ಲಿ ಬಿಟ್ಟು ಬಂದ್ರಿ ಅವರನ್ನ?" ಎಂದು ಗಟ್ಟಿಯಾಗಿ ಕೇಳಿದಳು.

ಮುಂದಿನ ಸಾಲಿನಿಂದ ಕೋಟಿನವರ ತಲೆ ಮೇಲೆದ್ದು ಇತ್ತ ತಿರುಗಿತು. ನಾನು ಕಿಟಕಿಯಿಂದ ಕೆಳಗೆ ಬೆರಳು ತೋರಿಸಿದೆ. ಕೋಟಿನವರು ನಕ್ಕರು, ಅವರ ಪಕ್ಕದವರೂ ನಕ್ಕರು. ಮಾಡಿದ್ದುಣ್ಣೋ ಮಹಾರಾಯ!

"ಅಜ್ಜಿಗೆ ನಿದ್ದೆ ಹತ್ತಿತು" ಎಂದಳು ಅವಳು, ದನಿ ತಗ್ಗಿಸಿ.

ಬದುಕಿದೆ ಎಂದುಕೊಂಡು, "ಕಿಟಕಿ ಕಡೆ ಬಾರೇ, ಮೋಡ ಎಲ್ಲಾ ಕಾಣುತ್ತೆ, ನೋಡುವೆಯಂತೆ" ಎಂದು ಏಳಹೊರಟೆ. ಸೀಟಿನ ಬೆಲ್ಟು ಹಿಡಿದೆಳೆದು ಕೂರಿಸಿತು.

"ಮೋಡ ನೀವೇ ನೋಡ್ಕೊಳ್ಳಿ" ಎಂದು ಅವಳು ದಾರಿ ಕಡೆಯ ಸೀಟಿನಲ್ಲಿ ಭದ್ರವಾಗಿ ಕುಳಿತಳು. ಕೈಚೀಲವನ್ನು ನನ್ನ ತೊಡೆಯ ಮೇಲೆ ಕುಕ್ಕಿದಳು, ಎರಡೂ ಕಾಲುಗಳನ್ನು ನಾನು ದಾಟಲಾಗದಂತೆ ಅಡ್ಡ ಚಾಚಿದಳು. "ಇನ್ಮೇಲೆ ಎಲ್ಲಿಗೆ ಹೋದ್ರೂ ಬಾಗಿಲ ಕಡೆ ನಾನು!"