ಸಿಸ್ಟರವ್ವ ಕುಬಸಕ್ಕೆ ಬಂದದ್ದು

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವ ಕೆಲಸದಲ್ಲಿ ಎಂಥ ಸೊಕ್ಕು ಅಡಗಿದೆ ಎಂಬುದು ಅದನ್ನು ಮಾಡಿದವರಿಗಷ್ಟೇ ಗೊತ್ತು. ಇಬ್ಬರೂ ನಿಮ್ಮ ಬಾಯನ್ನೇ ನೋಡುತ್ತಿರುತ್ತಾರೆ. ನೀವು ಏನು ಹೇಳಿದರೂ ನಂಬುವುದನ್ನು ಬಿಟ್ಟು ಅವರಿಗೆ ಬೇರೆ ಗತಿಯಿರುವುದಿಲ್ಲ. ಎಂಬತ್ತರ ದಶಕದಲ್ಲಿ ಸುಮಾರು ಒಂದು ವರ್ಷ ಈ ಸೊಕ್ಕನ್ನು ನಾನು ಮನಸಾರೆ ಅನುಭವಿಸಿದೆ. ಆ ಒಂದು ವರ್ಷದಲ್ಲಿ ಹೇಳಿದಷ್ಟು ಸುಳ್ಳನ್ನು ಉಳಿದ ಆಯುಷ್ಯದಲ್ಲೆಲ್ಲ ಸೇರಿಸಿದರೂ ಹೇಳಿರಲಿಕ್ಕಿಲ್ಲ. ಅದಕ್ಕೆ ನನ್ನ ಸಜ್ಜನಿಕೆಯೇ ಕಾರಣ ಎಂದು ಬಹಳ ದಿನ ನಂಬಿಕೊಂಡಿದ್ದೆ.

ಆಗ ನಾನು ಜೇವರ್ಗಿ ತಾಲ್ಲೂಕಿನ ಕೊಳಕೂರಿನಲ್ಲಿ ಶಾಲಾ ಮಾಸ್ತರ. ಕ್ರಿಶ್ಚಿಯನ್ ಮಿಶನ್ನಿನವರು ನಮ್ಮೂರಲ್ಲಿ ಸಣ್ಣ ದವಾಖಾನೆಯೊಂದನ್ನು ತೆರೆದು, ಅಲ್ಲಿಗೆ ಕೇರಳದ ಸಿಸ್ಟರ್ ರೋಸಮ್ಮ ಎಂಬವಳನ್ನು ಕಳಿಸಿದರು. ಆಕೆಗೆ ಮಲಯಾಳಂ, ಇಂಗ್ಲಿಷ್ ಎರಡೂ ಬರುತ್ತಿದ್ದವು. ಕನ್ನಡ ಮಾತ್ರ ಒಂದಕ್ಷರವೂ ಬಾರದು. ಊರಿಗೆ ಕನ್ನಡ ಬಿಟ್ಟು ಬೇರೇನೂ ಬಾರದು. ನಡುವೆ ನಾನು ಮತ್ತು ನನ್ನ ಮೆಟ್ರಿಕ್ ಇಂಗ್ಲಿಷು. ಶಾಲೆ ಬಿಟ್ಟಕೂಡಲೇ ದವಾಖಾನೆಗೆ ಹೋಗಿ ಆಕೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂಡುತ್ತಿದ್ದೆ. "ಹೊಟ್ಟ್ಯಾಗ ಕಲಮಲ ಆಗಾಕತ್ತದರಿ" ಎಂದು ಯಾರಾದರೂ ಅಂದರೆ, ಆ ಕಲಮಲವನ್ನು ಇಂಗ್ಲಿಷಿಗೆ ತರಲು ನಾಲಿಗೆ ಸಾಲದೆ ಕೈ, ಹುಬ್ಬುಗಳನ್ನೂ ದುಡಿಸಬೇಕಾಗುತ್ತಿತ್ತು. ನನ್ನ ಕೀರ್ತಿ ಎಷ್ಟು ಹಬ್ಬಿತೆಂದರೆ, ಅಫಜಲಪುರದ ನನ್ನ ಭಾವಮೈದುನ ನನ್ನ ಇಂಗ್ಲಿಷ್ ಕೇಳಲೆಂದೇ ಬಸ್ಸು ಹತ್ತಿ ಬಂದಿದ್ದ. ಕೇಳಿ, ಮುಂದಿನ ಬಸ್ಸಿಗೇ ವಾಪಸು ಹೋದ.

ತೊಂದರೆ ಶುರುವಾದದ್ದು ಸಿಸ್ಟರಿನ ಉಡುಪಿನಿಂದ. ಬಿಳಿ ಸೀರೆ, ಬೋಳು ಹಣೆ, ಬರಿಗೈ. ನಮ್ಮ ಕಡೆ ಈ ಮೂರೂ ಒಟ್ಟಿಗೆ ಕಂಡರೆ ಹೆಂಗಸರು ಮುಂದಕ್ಕೆ ವಿಚಾರಿಸುವುದೇ ಇಲ್ಲ. ಪಾಪ, ಇಷ್ಟು ಸಣ್ಣ ವಯಸ್ಸಿಗೆ ಗಂಡ ಸತ್ತಿದ್ದಾನೆ ಎಂದು ಊರಿಗೆ ಊರೇ ತೀರ್ಮಾನಿಸಿಬಿಟ್ಟಿತು. ಗುಳಿಗೆಗೆ ಬಂದ ಮುದುಕಿಯರು ಆಕೆಯ ಗಲ್ಲ ಸವರಿ ಸವರಿ ಅಳುತ್ತಿದ್ದರು. ಯಾಕೆ ಅಳುತ್ತಾರೆ ಎಂದು ಸಿಸ್ಟರ್ ಕೇಳಿದರೆ, "ನಿಮ್ಮ ಔಷಧದ ಗುಣ ಕಂಡು ಸಂತೋಷಕ್ಕೆ" ಎಂದು ನಾನು ಹೇಳುತ್ತಿದ್ದೆ. ಆಕೆ ಹಿಗ್ಗಿ ಅವರನ್ನು ಅಪ್ಪಿಕೊಳ್ಳುತ್ತಿದ್ದಳು. ಅವರು ಇನ್ನೂ ಜೋರಾಗಿ ಅಳುತ್ತಿದ್ದರು. ಆಕೆ ಸನ್ಯಾಸಿನಿ ಎಂದು ಒಮ್ಮೆ ಹೇಳಿಯೂ ನೋಡಿದೆ. "ಹೌದ್ರಿ ಮಾಸ್ತರ, ಗಂಡ ಹೋದ ಮ್ಯಾಲ ಮತ್ತೇನ್ ಮಾಡ್ಯಾಳು" ಅಂದರು. ಆಮೇಲೆ ಆ ಗೋಜಿಗೆ ಹೋಗಲಿಲ್ಲ.

ಅದೇ ವರ್ಷ ನನ್ನ ಮಗಳು ಜಗದೇವಿ ಬಸುರಿಯಾಗಿ ತವರಿಗೆ ಬಂದಳು. ಹಿಂದಿನ ಬಸಿರು ಐದು ತಿಂಗಳಿಗೇ ಹೋಗಿತ್ತು, ಹೀಗಾಗಿ ಮನೆಯವರಿಗೆಲ್ಲ ಜೀವ ಕೈಯಲ್ಲಿ. ಸಿಸ್ಟರ್ ವಾರವಾರವೂ ಮನೆಗೇ ಬಂದು ಅವಳನ್ನು ನೋಡಿ, ಎದುರಿಗೇ ಗುಳಿಗೆ ನುಂಗಿಸಿ ಹೋಗುತ್ತಿದ್ದಳು. ಇಬ್ಬರಿಗೂ ತಿಳಿಯುವ ಪದ ಒಂದೇ ಒಂದೂ ಇರಲಿಲ್ಲ, ಆದರೂ ಒಳಗಿನಿಂದ ಗಂಟೆಗಟ್ಟಲೆ ನಗು ಕೇಳುತ್ತಿತ್ತು. ನನ್ನನ್ನು ಕರೆಯದೆ ಹೇಗೆ ನಗುತ್ತಾರೆ ಎಂದು ನನಗೆ ಒಳಗೊಳಗೇ ಉರಿಯುತ್ತಿತ್ತು.

ಏಳನೆಯ ತಿಂಗಳಿಗೆ ಕುಬಸ ಇಟ್ಟುಕೊಂಡೆವು. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಮುತ್ತೈದೆಯರು ಉಡಿ ತುಂಬುವ ಕಾರ್ಯ. "ಸಿಸ್ಟರವ್ವ ಬರಬೇಕು" ಎಂದು ಜಗದೇವಿ ಹಟ ಹಿಡಿದಳು. ನನ್ನ ಅವ್ವ ಒಪ್ಪಲಿಲ್ಲ. "ನಿಮ್ಮಪ್ಪ ಹೋಗಿ ಇಪ್ಪತ್ತು ವರ್ಷ ಆತು, ಇಂಥ ಕಾರ್ಯದಾಗ ನಾನೇ ಒಳಗಿನ ಖೋಲಿ ಬಿಟ್ಟು ಬರಂಗಿಲ್ಲ. ಆಕೀನ ಬಸುರಿ ಮುಂದ ಹ್ಯಾಂಗ ಕುಂದ್ರಸ್ತಿ? ಕೂಸಿಗೆ ಏನರೆ ಆದ್ರ?" ಅಂದಳು. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ಹೆದರಿಕೆಯೇ ಗೆದ್ದಿತು. ನೇರ ದವಾಖಾನೆಗೆ ಹೋಗಿ, ಸೋಮವಾರದ ಕುಬಸವನ್ನು ಶುಕ್ರವಾರ ಎಂದು ಸಿಸ್ಟರಿಗೆ ಹೇಳಿ ಬಂದೆ.

ಸೋಮವಾರ ಮಧ್ಯಾಹ್ನ ಉಡಿ ತುಂಬಲು ಶುರು ಮಾಡಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಬಿಳಿ ಸೀರೆ ಕಾಣಿಸಿತು. ದಿನವನ್ನು ಜಗದೇವಿ ಬೆರಳು ಮಡಚಿ ಎಣಿಸಿ ತೋರಿಸಿದ್ದಳಂತೆ! ಸಿಸ್ಟರಿನ ಕೈಯಲ್ಲಿ ತಾನೇ ಹೆಣೆದ ಕೂಸಿನ ಕುಲಾವಿ. ಹೆಂಗಸರ ಹಾಡು ಗಕ್ಕನೆ ನಿಂತಿತು. ಒಳಗಿನಿಂದ ಅವ್ವ ಸರಸರನೆ ಬಂದವಳೇ ಆಕೆಯ ಕೈಹಿಡಿದು ಖೋಲಿಯ ಬಾಗಿಲಲ್ಲಿ ತನ್ನ ಪಕ್ಕಕ್ಕೆ ಕೂಡಿಸಿಕೊಂಡಳು. ತಲೆ ಸವರಿ, "ನಿನ್ನ ಗಂಡ ಯಾವಾಗ ತೀರ್ಕೊಂಡಾ ಯವ್ವಾ?" ಎಂದು ಕೇಳಿದಳು. ಸಿಸ್ಟರ್ ನನ್ನ ಮುಖ ನೋಡಿದಳು. "ಊಟ ಆಯಿತೇ ಎಂದು ಕೇಳುತ್ತಿದ್ದಾರೆ" ಅಂದೆ. ಆಕೆ ಮುಖವರಳಿಸಿ ನಕ್ಕು, ತೃಪ್ತಿಯಿಂದ ಹೊಟ್ಟೆ ತಟ್ಟಿಕೊಂಡು ತೋರಿಸಿದಳು.

ಮನೆತುಂಬ ಕೂತಿದ್ದ ಹೆಂಗಸರು ಬಾಯಿ ಮೇಲೆ ಸೆರಗು ಇಟ್ಟುಕೊಂಡರು. ಅವ್ವ ಆಕೆಯ ತಲೆಯ ಮೇಲಿಂದ ಕೈ ತೆಗೆದಳು. ಆಮೇಲೆ ಅವಳ ಕಣ್ಣು ಸಿಸ್ಟರಿನ ಬೆರಳಿಗೆ ಬಿತ್ತು. ಅಲ್ಲೊಂದು ಬೆಳ್ಳಿಯ ಉಂಗುರ. ಅದನ್ನು ಮುಟ್ಟಿ, ಯಾರು ಇಟ್ಟದ್ದು ಎಂದು ಅವ್ವ ಕೈಸನ್ನೆಯಲ್ಲೇ ಕೇಳಿದಳು. ಈ ಸಲ ಸಿಸ್ಟರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಕೊರಳ ಶಿಲುಬೆಯನ್ನು ಉಂಗುರಕ್ಕೆ ತಾಗಿಸಿ, ಮೇಲೆ ತೋರಿಸಿ, ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡು, ಹೊಸ ಮದುಮಗಳಂತೆ ನಾಚಿದಳು.

"ದೇವರನ್ನ ಲಗ್ನ ಆಗ್ಯಾಳೇನೋ ಇಕಿ?" ಎಂದು ಅವ್ವ ನನ್ನನ್ನು ಕೇಳಿದಳು.

"ಹೌದವ್ವಾ, ಅವರಲ್ಲಿ ಹಂಗೇ ತಿಳೀತಾರ."

"ಎಲಾ ಮಬ್ಬೇ! ಹಂಗಾದ್ರ ಇಕಿ ಗಂಡ ಸಾಯಾಂವೇ ಅಲ್ಲಲ್ಲೋ! ಇಕೀಗಿಂತ ದೊಡ್ಡ ಮುತ್ತೈದಿ ಈ ಊರಾಗ ಯಾರದಾಳ? ಏಳ್ರೇ, ಮೊದಲ ಉಡಿ ಇಕೀನೇ ತುಂಬಲಿ!"

ಹೆಂಗಸರೆಲ್ಲ ಹೋ ಎಂದು ಎದ್ದು ಆಕೆಯನ್ನು ಮುಂದಕ್ಕೆ ಕರೆದರು. ಸಿಸ್ಟರ್ ಎದ್ದಳು, ಆದರೆ ಹಿಡಿದಿದ್ದ ಅವ್ವನ ಕೈ ಬಿಡಲಿಲ್ಲ. "ನಾ ಬರಬಾರದವ್ವಾ, ಬಿಡು" ಎಂದು ಅವ್ವ ಕೊಸರಿಕೊಂಡಳು. ಆಕೆಗೇನು ತಿಳಿಯಬೇಕು, ಮುದುಕಿ ಸಂಕೋಚಪಡುತ್ತಿದ್ದಾಳೆ ಎಂದುಕೊಂಡು ಇನ್ನಷ್ಟು ಜಗ್ಗಿದಳು. ಎಲ್ಲರೂ ನನ್ನ ಕಡೆ ತಿರುಗಿದರು. "ಮಾಸ್ತರ, ಹೇಳ್ರಿ ಆಕೀಗೆ!" ಇಂಗ್ಲಿಷಿನಲ್ಲಿ ಎರಡು ಮಾತು ಸಾಕಿತ್ತು. ಆ ವರ್ಷದಲ್ಲಿ ಮೊದಲ ಬಾರಿಗೆ ನಾನು ಬಾಯಿ ಮುಚ್ಚಿಕೊಂಡು ನಿಂತೆ.

ಇಪ್ಪತ್ತು ವರ್ಷಗಳ ನಂತರ ಅವ್ವ ಮನೆಯ ಕಾರ್ಯವೊಂದರಲ್ಲಿ ನಡುಮನೆಗೆ ಬಂದಳು. ಮೊಮ್ಮಗಳ ಉಡಿಗೆ ಅಕ್ಕಿ ಹಾಕಿದಳು. ಹೆಂಗಸರು ಸಿಸ್ಟರಿನ ಬಿಳಿ ಸೆರಗನ್ನೂ ಒಡ್ಡಿಸಿ ಕೊಬ್ಬರಿ, ಉತ್ತತ್ತಿ ತುಂಬಿದರು. ಎರಡು ತಿಂಗಳಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣುಕೂಸು. ಕುಲಾವಿ ಸರಿಯಾಗಿ ಕೂತಿತು. ಆಮೇಲೆ ಊರಲ್ಲಿ ಯಾವ ಕುಬಸವಾದರೂ ಮೊದಲ ಕರೆ ಸಿಸ್ಟರವ್ವನಿಗೆ. ನನ್ನನ್ನು ಯಾರೂ ಕರೆಯುತ್ತಿರಲಿಲ್ಲ. ದವಾಖಾನೆಯ ನನ್ನ ಕುರ್ಚಿಯ ಮೇಲೆ ಔಷಧದ ಡಬ್ಬಿಗಳು ಬಂದು ಕೂತವು.

ಇಷ್ಟಕ್ಕೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಒಂದು ಸಂಜೆ ಸಿಸ್ಟರ್ ಕೂಸನ್ನು ನೋಡಲು ಮನೆಗೆ ಬಂದಳು. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ನೀಲಮ್ಮ ತೊಗರಿ ಹಸನು ಮಾಡುತ್ತಿದ್ದಳು. ಸಿಸ್ಟರ್ ಅವಳ ಮುಂದೆ ಕೂತು, ಬಹಳ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ತನ್ನ ಮೊಟ್ಟಮೊದಲ ಪೂರ್ತಿ ಕನ್ನಡ ವಾಕ್ಯವನ್ನು, ಊಟ ವಿಚಾರಿಸುವ ಅಕ್ಕರೆಯಿಂದ, ತಪ್ಪಿಲ್ಲದೆ ಹೇಳಿದಳು: "ನಿನ್ನ ಗಂಡ ಯಾವಾಗ ತೀರ್ಕೊಂಡಾ ಯವ್ವಾ?"

ಚಹಾ ನನ್ನ ಮೂಗಿಗೆ ಹತ್ತಿತು. ನೀಲಮ್ಮ ಮೊರ ಕೆಳಗಿಟ್ಟು ಆಕೆಯನ್ನು ನೋಡಿದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಈ ವಾಕ್ಯ ಎಲ್ಲಿಂದ ಬಂತೆಂದು ಅವಳಿಗೆ ಯಾರೂ ಅನುವಾದಿಸಿ ಹೇಳಬೇಕಾಗಿರಲಿಲ್ಲ.

"ಇನ್ನೂ ಇಲ್ರಿ ಸಿಸ್ಟರವ್ವ" ಅಂದಳು. "ನೀವು ಬಂದದ್ದು ಛಲೋ ಆತು. ಇವತ್ತು ಆಗಬಹುದು."